ಹೆರಿಗೆ ರಜೆ 26 ವಾರ ಸರಿ, ಆ ಸಂಬಳ ಕೊಡೋದು ಯಾರು?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ, ಎಲ್ಲಿದ್ರೂ ಇವತ್ತಿನ ವಿಷಯ ನಿಮ್ಮ ಕೆಲಸಕ್ಕೆ ಸಂಬಂಧಪಟ್ಟಿದ್ದು. ನೀವು ಹುಡುಗಿಯಾದ್ರೂ ಸರಿ, ಹುಡುಗನಾದ್ರೂ ಸರಿ. ನಾಳೆ ನಾಲ್ಕು ಜನರನ್ನ ಇಟ್ಕೊಂಡು ಸ್ವಂತ ಕಂಪನಿ ಶುರು ಮಾಡೋ ಯೋಚನೆ ಇದ್ರೆ ಇನ್ನೂ ಮುಖ್ಯ.

ಕೆಲವು ತಿಂಗಳ ಹಿಂದೆ ಒಂದು ರಾತ್ರಿ ನಮ್ಮಣ್ಣ ಫೋನ್ ಮಾಡಿದ. ಅಣ್ಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ. ಪೀಣ್ಯದಲ್ಲಿ ಒಂದು ಸಣ್ಣ ಪ್ಯಾಕೇಜಿಂಗ್ ಯೂನಿಟ್ ಇಟ್ಟಿದ್ದಾನೆ, ಒಟ್ಟು 16 ಜನ ಕೆಲಸಕ್ಕಿದ್ದಾರೆ. ದನಿಯಲ್ಲೇ ಟೆನ್ಷನ್ ಗೊತ್ತಾಗ್ತಿತ್ತು.

"ಪುಟ್ಟಿ, ನಮ್ಮ ಆಫೀಸ್ ನೋಡ್ಕೊಳ್ತಾರಲ್ಲ, ಅಕೌಂಟ್ಸು, ಜಿಎಸ್‌ಟಿ, ಆರ್ಡರು ಎಲ್ಲಾ ಅವರದ್ದೇ. ಈಗ ಪ್ರೆಗ್ನೆಂಟು. ಆರು ತಿಂಗಳು ರಜೆ ಕೇಳ್ತಿದ್ದಾರೆ. ಸಂಬಳನೂ ನಾನೇ ಕೊಡ್ಬೇಕಂತೆ. ಹೌದಾ?"

"ಹೌದು ಅಣ್ಣ," ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಹಂಗಾದ್ರೆ ಇನ್ಮೇಲೆ ಮದುವೆಯಾಗಿರೋ ಹುಡ್ಗೀರನ್ನ ತಗೊಳ್ಳೋದೇ ಬೇಡ ಬಿಡು."

ನನಗೆ ಮೈ ಉರಿದು ಹೋಯ್ತು. ಯಾಕಂದ್ರೆ ಮೂರು ವರ್ಷದ ಹಿಂದೆ ಒಂದು ಇಂಟರ್‌ವ್ಯೂನಲ್ಲಿ ನನ್ನನ್ನೂ ಕೇಳಿದ್ರು: "ಮದುವೆ ಆಗಿದೆಯಾ? ಸದ್ಯಕ್ಕೆ ಮಕ್ಕಳ ಪ್ಲಾನ್ ಏನಾದ್ರೂ ಇದೆಯಾ?" ನಾನು ನಕ್ಕು ಏನೋ ಹೇಳಿ ಬಂದೆ. ಆ ಕೆಲಸ ಸಿಗಲಿಲ್ಲ. ಕಾರಣ ಅದೇ ಅಂತ ನಾನು ಸಾಬೀತು ಮಾಡೋಕಾಗಲ್ಲ. ಆದರೆ ಮೇಜಿನ ಆ ಕಡೆ ಕೂತವರ ತಲೆಯಲ್ಲಿ ಓಡ್ತಿದ್ದ ಲೆಕ್ಕ ಏನು ಅಂತ ಅಣ್ಣನ ಫೋನ್ ಬಂದ ದಿನ ಅರ್ಥವಾಯ್ತು. ಆ ಲೆಕ್ಕವನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಕಾನೂನು ಏನು ಕೊಡುತ್ತೆ?

ನಮ್ಮ ದೇಶದಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂದಿದ್ದು 1961ರಲ್ಲಿ. ಆಗ ರಜೆ 12 ವಾರ. 2017ರ ಏಪ್ರಿಲ್ 1ರಿಂದ ತಿದ್ದುಪಡಿ ಜಾರಿಯಾಗಿ ಅದು 26 ವಾರ ಆಯ್ತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಹೆರಿಗೆ ಸೌಲಭ್ಯದ ವಿಷಯ ಈಗ ಅದರಲ್ಲೊಂದಾದ ಸಾಮಾಜಿಕ ಭದ್ರತಾ ಸಂಹಿತೆ 2020ರ ಒಳಗೆ ಬಂದಿದೆ. ಹೆಸರು ಬದಲಾದರೂ 26 ವಾರ ಹಾಗೇ ಇದೆ.

ಯಾರಿಗೆ ಅನ್ವಯ? ಕಾರ್ಖಾನೆ, ಗಣಿ, ತೋಟ, ಜೊತೆಗೆ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ ಮತ್ತು ಸಂಸ್ಥೆಗಳು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಅಲ್ಲಿ ಕೆಲಸ ಮಾಡಿರಬೇಕು. ಅಷ್ಟೇ. "ಒಂದು ವರ್ಷ ಸರ್ವಿಸ್ ಆಗಿರಬೇಕು", "ಪರ್ಮನೆಂಟ್ ಆಗಿರಬೇಕು" ಅಂತ ಹೇಳೋರಿದ್ದಾರಲ್ಲ, ಕಾನೂನಿನಲ್ಲಿ ಹಾಗಿಲ್ಲ. ದಿನಗೂಲಿ ಮಹಿಳೆಯರಿಗೂ ಈ ಹಕ್ಕಿದೆ ಅಂತ ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಕೆಲಸಗಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ.

26 ವಾರದಲ್ಲಿ ಹೆಚ್ಚೆಂದರೆ 8 ವಾರ ಹೆರಿಗೆಗೆ ಮುಂಚೆ ತಗೋಬಹುದು. ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ ರಜೆ 12 ವಾರ, ಅದರಲ್ಲಿ ಮುಂಚಿತವಾಗಿ 6 ವಾರ. ದತ್ತು ಪಡೆದ ತಾಯಿಗೂ, ಬಾಡಿಗೆ ತಾಯ್ತನದ ಮೂಲಕ ಮಗು ಪಡೆದ ತಾಯಿಗೂ 12 ವಾರ.

ಇನ್ನೊಂದನ್ನ ಯಾರೂ ಬಾಯಿಬಿಟ್ಟು ಕೇಳಲ್ಲ, ಹೇಳೋದೂ ಇಲ್ಲ. ಗರ್ಭಪಾತವಾದರೆ 6 ವಾರ ಸಂಬಳ ಸಹಿತ ರಜೆ ಇದೆ. ಹೆರಿಗೆ ಅಥವಾ ಗರ್ಭಪಾತದಿಂದ ಆರೋಗ್ಯ ಕೆಟ್ಟರೆ ಇನ್ನೂ ಒಂದು ತಿಂಗಳವರೆಗೆ ಸಿಗುತ್ತೆ. ಎಷ್ಟೋ ಜನ ಮೂರು ದಿನ "ಜ್ವರ" ಅಂತ ಸಿಕ್ ಲೀವ್ ಹಾಕಿ, ನಾಲ್ಕನೇ ದಿನ ಆಫೀಸಿಗೆ ಬಂದು ಕೂತ್ಕೋತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ವೈದ್ಯರ ದಾಖಲೆ ಕೊಟ್ಟು ರಜೆ ಕೇಳಿ.

ಒಂದೇ ಶೆಡ್, ಇಬ್ಬರು ಹೆಂಗಸರು

ಈಗ ಅಣ್ಣನ ಲೆಕ್ಕಕ್ಕೆ ಬರೋಣ. ಅವನ ಯೂನಿಟ್‌ನಲ್ಲಿ ಎರಡು ವರ್ಷದ ಹಿಂದೆ ಪ್ಯಾಕಿಂಗ್ ಮಾಡೋ ಹೆಂಗಸೊಬ್ಬರು ಇದೇ 26 ವಾರ ರಜೆಗೆ ಹೋಗಿ ವಾಪಸ್ ಬಂದಿದ್ರು. ಆಗ ಅಣ್ಣ ನನಗೆ ಫೋನ್ ಮಾಡಿರಲಿಲ್ಲ. ಯಾಕೆ?

ಯಾಕಂದ್ರೆ ಆ ಸಂಬಳ ಅವನು ಕೊಟ್ಟಿರಲಿಲ್ಲ. ಅವರ ಸಂಬಳ 16,000 ರೂಪಾಯಿ. ತಿಂಗಳಿಗೆ 21,000ದವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರ್ತಾರೆ. ಸಂಬಳದ ಶೇ 3.25 ಮಾಲೀಕ, ಶೇ 0.75 ಕಾರ್ಮಿಕರು ಪ್ರತಿ ತಿಂಗಳು ಕಟ್ಟಬೇಕು. 16,000ಕ್ಕೆ ಅಣ್ಣನ ಪಾಲು 520 ರೂಪಾಯಿ, ಅವರ ಪಾಲು 120 ರೂಪಾಯಿ. ಹೆರಿಗೆಗೆ ಮುಂಚಿನ ಅವಧಿಯಲ್ಲಿ ಕನಿಷ್ಠ 70 ದಿನದ ಚಂದಾ ಕಟ್ಟಿದ್ದರೆ 26 ವಾರದ ದುಡ್ಡನ್ನು ಇಎಸ್‌ಐ ನಿಗಮವೇ ಕೊಡುತ್ತೆ. ದಿನದ ಸರಾಸರಿ ಸಂಬಳದ ನೂರಕ್ಕೆ ನೂರು. ಅಣ್ಣನಿಗೆ ಆಗಿದ್ದು ಒಬ್ಬರು ಕಡಿಮೆಯಾದ ತೊಂದರೆ ಮಾತ್ರ.

ಆಫೀಸ್ ನೋಡ್ಕೊಳ್ಳೋ ಮೇಡಂ ಸಂಬಳ 50,000. ಇಎಸ್‌ಐ ಮಿತಿ ದಾಟಿದೆ. ಆದ್ದರಿಂದ ಪೂರ್ತಿ ದುಡ್ಡು ಮಾಲೀಕನ ಜೇಬಿನಿಂದಲೇ ಹೋಗಬೇಕು. ಆರು ತಿಂಗಳಿಗೆ ಸುಮಾರು 3 ಲಕ್ಷ. ಅವರ ಜಾಗಕ್ಕೆ ಆರು ತಿಂಗಳಿಗೆ ಇನ್ನೊಬ್ಬರನ್ನ ತಗೊಂಡ್ರೆ ಆ ಸಂಬಳ ಬೇರೆ.

ಒಂದೇ ಶೆಡ್, ಒಂದೇ ಹಕ್ಕು, ಅದೇ 26 ವಾರ. ಒಬ್ಬರ ರಜೆಯ ಸಂಬಳವನ್ನು ಎಲ್ಲರೂ ಸೇರಿ ಕಟ್ಟಿದ ನಿಧಿ ಹೊರುತ್ತೆ. ಇನ್ನೊಬ್ಬರದ್ದನ್ನು ಒಬ್ಬನೇ ಮಾಲೀಕ ಹೊರಬೇಕು. "ಹುಡ್ಗೀರನ್ನ ತಗೊಳ್ಳೋದೇ ಬೇಡ" ಅನ್ನೋ ಮಾತು ಹುಟ್ಟೋದು ಈ ಎರಡನೇ ಜಾಗದಲ್ಲಿ. ರಜೆಗೆ ಯಾರ ತಕರಾರೂ ಇಲ್ಲ ನೋಡಿ, ತಕರಾರು ಇರೋದು ಬಿಲ್ ಬಗ್ಗೆ.

ಇದು ಹಳೇ ಜಗಳ

ಈ ಪ್ರಶ್ನೆ ಇವತ್ತಿನದ್ದಲ್ಲ. 1928ರಲ್ಲಿ ಬಾಂಬೆ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನ ಬೆಂಬಲಿಸಿ ಮಾತಾಡಿದ್ರು. ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗೋದು ದೇಶಕ್ಕೇ ಒಳ್ಳೇದು, ಆದ್ದರಿಂದ ಖರ್ಚಿನ ಹೆಚ್ಚಿನ ಭಾರ ಸರ್ಕಾರದ್ದಾಗಬೇಕು ಅನ್ನೋದನ್ನ ಅವರು ಒಪ್ಪಿದ್ರು. ಹಾಗಂತ ಮಾಲೀಕರು ಕೈ ತೊಳ್ಕೊಳ್ಳೋ ಹಾಗಿಲ್ಲ, ಆ ಹೆಂಗಸಿನ ದುಡಿಮೆಯಿಂದ ಲಾಭ ಪಡೆಯೋರೂ ಪಾಲು ಕೊಡಬೇಕು ಅಂದ್ರು. 1929ರಲ್ಲಿ ಆ ಕಾಯ್ದೆ ಬಂತು. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಎಲ್ಲಾ ಬಾಂಬೆ ಪ್ರಾಂತ್ಯದಲ್ಲೇ ಇತ್ತು.

ಹೊರಗಡೆ ಹೇಗಿದೆ? ಬ್ರಿಟನ್‌ನಲ್ಲಿ ಕಾನೂನು ನಿಗದಿ ಮಾಡಿದ ಹೆರಿಗೆ ಸಂಬಳವನ್ನ ಮೊದಲು ಕಂಪನಿ ಕೊಡುತ್ತೆ, ಆಮೇಲೆ ಅದರ ಶೇ 92ರಷ್ಟನ್ನ ಸರ್ಕಾರದಿಂದ ವಾಪಸ್ ಪಡೆಯುತ್ತೆ. ಸಣ್ಣ ಕಂಪನಿಗಳಿಗಂತೂ 2025ರ ಏಪ್ರಿಲ್‌ನಲ್ಲಿ ಅದು ಶೇ 108.5 ಆಯ್ತು. ಅಂದ್ರೆ ಕೊಟ್ಟಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ. ಸ್ವೀಡನ್‌ನಲ್ಲಿ ಒಂದು ಮಗುವಿಗೆ ಅಪ್ಪ ಅಮ್ಮ ಇಬ್ಬರಿಗೂ ಸೇರಿ 480 ದಿನದ ಭತ್ಯೆ. ಕೊಡೋದು ಸಾಮಾಜಿಕ ವಿಮೆ.

ನಮ್ಮಲ್ಲೂ ಪ್ರಯತ್ನ ಆಗಿತ್ತು. 2018ರ ನವೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ, 15,000 ರೂಪಾಯಿವರೆಗೆ ಸಂಬಳ ಇರುವ ಮಹಿಳೆಯರಿಗೆ 26 ವಾರ ರಜೆ ಕೊಡುವ ಮಾಲೀಕರಿಗೆ 7 ವಾರದ ಸಂಬಳ ವಾಪಸ್ ಕೊಡುವ ಯೋಜನೆ ಮಾಡ್ತಿದ್ದೀವಿ ಅಂತ ಹೇಳಿತ್ತು. ಅದು ಪ್ರಸ್ತಾವವಾಗಿಯೇ ಉಳೀತು.

ಹೊಸ ಸಂಹಿತೆಯಲ್ಲಿ ಬದಲಾಗಿದ್ದೇನು?

ಇಲ್ಲಿ ಸ್ವಲ್ಪ ಗಮನ ಕೊಡಿ. ಬೇಕಿದ್ರೆ ನಿಮ್ಮ ಪೇ ಸ್ಲಿಪ್ ತೆಗೆದಿಟ್ಕೊಳ್ಳಿ.

ಹೆರಿಗೆ ರಜೆಯಲ್ಲಿ ಸಿಗೋದು "ದಿನದ ಸರಾಸರಿ ವೇತನ". ರಜೆಗೆ ಹೋಗುವ ಹಿಂದಿನ ಮೂರು ತಿಂಗಳ ವೇತನದ ಮೇಲೆ ಇದನ್ನ ಲೆಕ್ಕ ಹಾಕ್ತಾರೆ. ಆದರೆ "ವೇತನ" ಅಂದ್ರೆ ಯಾವುದು? 1961ರ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆ, ಅಂದ್ರೆ ಎಚ್‌ಆರ್‌ಎ, ಸೇರಿದಂತೆ ನಗದು ಭತ್ಯೆಗಳೆಲ್ಲ ವೇತನದ ಒಳಗೇ ಇದ್ದವು. ಹೊಸ ಸಂಹಿತೆಯ ವ್ಯಾಖ್ಯೆಯಲ್ಲಿ ಎಚ್‌ಆರ್‌ಎ, ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್ ಇಂಥವು ಹೊರಗೆ. ಹೀಗೆ ಹೊರಗಿಟ್ಟಿದ್ದು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ, ಆ ಹೆಚ್ಚಿನ ಭಾಗವನ್ನ ಮತ್ತೆ ವೇತನಕ್ಕೆ ಸೇರಿಸಬೇಕು. ಇದೇ ಎಲ್ಲರೂ ಮಾತಾಡ್ತಿರೋ "ಶೇ 50ರ ನಿಯಮ".

ಮೇಡಂ ಲೆಕ್ಕವನ್ನೇ ತಗೊಳ್ಳಿ. ಬೇಸಿಕ್ 25,000, ಎಚ್‌ಆರ್‌ಎ 15,000, ಪ್ರಯಾಣ ಭತ್ಯೆ 5,000, ಸ್ಪೆಷಲ್ ಅಲೋವೆನ್ಸ್ 5,000. ಹಳೇ ವ್ಯಾಖ್ಯೆಯಲ್ಲಿ ಪೂರ್ತಿ 50,000 ಲೆಕ್ಕಕ್ಕೆ ಬರ್ತಿತ್ತು. ಹೊಸದರಲ್ಲಿ ಎಚ್‌ಆರ್‌ಎ ಮತ್ತು ಪ್ರಯಾಣ ಭತ್ಯೆ ಕಳೆದರೆ 30,000. ಆರು ತಿಂಗಳಿಗೆ ಸುಮಾರು 3 ಲಕ್ಷ ಇದ್ದಿದ್ದು 1 ಲಕ್ಷ 80 ಸಾವಿರಕ್ಕೆ ಇಳಿಯುತ್ತೆ.

ಇದನ್ನ ಹೇಳಿದ ತಕ್ಷಣ ಅಣ್ಣನ ದನಿ ಸ್ವಲ್ಪ ಹಗುರಾಯ್ತು. "ಹಂಗಾದ್ರೆ ಪರವಾಗಿಲ್ವಲ್ಲ?"

ನಾನಂದೆ, "ಅಣ್ಣ, ಅದು ಕಾನೂನು ಹೇಳೋ ಕನಿಷ್ಠ. ಅದಕ್ಕಿಂತ ಜಾಸ್ತಿ ಕೊಡಬಾರದು ಅಂತ ಎಲ್ಲೂ ಇಲ್ಲ. ಅವರ ಮನೆ ಬಾಡಿಗೆ ಏನು ಆರು ತಿಂಗಳು ನಿಂತು ಹೋಗುತ್ತಾ?"

ಕೆಲಸ ಹುಡುಕ್ತಿರೋರಿಗೆ ಇದರಿಂದ ಒಂದು ಪಾಠ ಇದೆ. ಆಫರ್ ಲೆಟರ್ ಬಂದಾಗ ಒಟ್ಟು ಮೊತ್ತ ನೋಡಿ ಖುಷಿಪಡೋದು ಸರಿ. ಅದರಲ್ಲಿ ಬೇಸಿಕ್ ಎಷ್ಟು ಅಂತಾನೂ ನೋಡಿ. ಹೆರಿಗೆ ರಜೆಯಲ್ಲಿ ಪೂರ್ತಿ ಸಂಬಳವೋ, ಕಾನೂನಿನ ಕನಿಷ್ಠವೋ ಅಂತ ಎಚ್‌ಆರ್ ಹತ್ರ ಬರವಣಿಗೆಯಲ್ಲಿ ಕೇಳ್ಕೊಳ್ಳಿ.

ಶಿಕ್ಷೆಯಲ್ಲೂ ಬದಲಾವಣೆ ಇದೆ. ಹಳೇ ಕಾಯ್ದೆಯಲ್ಲಿ ಹೆರಿಗೆ ದುಡ್ಡು ಕೊಡದ ಮಾಲೀಕನಿಗೆ 3 ತಿಂಗಳಿಂದ 1 ವರ್ಷದವರೆಗೆ ಜೈಲು, ಜೊತೆಗೆ 2,000ದಿಂದ 5,000 ರೂಪಾಯಿ ದಂಡ. ಈಗ 6 ತಿಂಗಳವರೆಗೆ ಜೈಲು, ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅಣ್ಣ ಕೇಳಿದ ಉಳಿದ ಪ್ರಶ್ನೆಗಳು

ಆ ರಾತ್ರಿ ಫೋನ್ ಒಂದು ಗಂಟೆ ನಡೀತು. ಅವನು ಕೇಳಿದ್ದೆಲ್ಲ ಬೇರೆ ಮಾಲೀಕರ ತಲೆಯಲ್ಲೂ ಇರೋದೇ, ಅದಕ್ಕೇ ಹಾಗೇ ಹೇಳ್ತೀನಿ.

"ಅವರ ಕಾಂಟ್ರ್ಯಾಕ್ಟ್ ಮಾರ್ಚ್‌ಗೆ ಮುಗಿಯುತ್ತೆ. ರಿನ್ಯೂ ಮಾಡ್ದೇ ಇದ್ರೆ?" ಆದರೂ ಪೂರ್ತಿ ಅವಧಿಯ ದುಡ್ಡು ಕೊಡಲೇಬೇಕು. ಡಾ. ಕವಿತಾ ಯಾದವ್ ಪ್ರಕರಣದಲ್ಲಿ, ರಜೆಯ ಮಧ್ಯೆ ಗುತ್ತಿಗೆ ಮುಗಿದ ವೈದ್ಯೆಯೊಬ್ಬರಿಗೆ ಪೂರ್ತಿ ಹೆರಿಗೆ ಸೌಲಭ್ಯ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಗುತ್ತಿಗೆ ಮುಗಿದರೂ ಹಕ್ಕು ಮುಗಿಯಲ್ಲ.

"ಅವರಾಗೇ ರಾಜೀನಾಮೆ ಕೊಟ್ರೆ?" ಅವರಾಗೇ ಕೊಡೋದು ಬೇರೆ, ಕೂರಿಸಿ ಬರೆಸ್ಕೊಳ್ಳೋದು ಬೇರೆ. ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯೋದು ಕಾನೂನುಬಾಹಿರ. ಸಂಬಳ, ಹುದ್ದೆ ಇಳಿಸೋದೂ ಅಷ್ಟೇ. ಗಂಭೀರ ದುರ್ವರ್ತನೆಯ ಕಾರಣ ಇಲ್ಲದೆ ಗರ್ಭಿಣಿಯನ್ನ ತೆಗೆದರೂ ಹೆರಿಗೆ ದುಡ್ಡು ತಪ್ಪಲ್ಲ. ಕೇಳ್ತಿರೋರಿಗೆ ಒಂದು ಮಾತು: "ಸ್ವಇಚ್ಛೆಯಿಂದ" ಅಂತ ಟೈಪ್ ಮಾಡಿಟ್ಟ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕ್ಬೇಡಿ. ಮನೆಗೆ ತಗೊಂಡು ಹೋಗಿ ಓದ್ತೀನಿ ಅನ್ನಿ.

"ಲ್ಯಾಪ್‌ಟಾಪ್ ಮನೆಗೇ ಕೊಟ್ಬಿಡ್ಲಾ? ಜಿಎಸ್‌ಟಿ ರಿಟರ್ನ್ ಒಂದು ಮಾಡಿದ್ರೆ ಸಾಕು." ಬೇಡ. ಹೆರಿಗೆಯಾದ ಮೊದಲ 6 ವಾರ ಕೆಲಸ ಕೊಡೋದನ್ನೇ ಕಾನೂನು ನಿಷೇಧಿಸಿದೆ. ವರ್ಕ್ ಫ್ರಮ್ ಹೋಮ್ ಅನ್ನೋದು ರಜೆ ಮುಗಿದ ಮೇಲಿನ ಮಾತು. ಕೆಲಸ ಅಂಥದ್ದಾಗಿದ್ದರೆ, ಇಬ್ಬರೂ ಒಪ್ಪಿದರೆ ಮಾಡಬಹುದು.

"ದುಡ್ಡು ತಿಂಗಳು ತಿಂಗಳು ಕೊಡ್ಬೋದಾ?" ಹೆರಿಗೆಗೆ ಮುಂಚಿನ ಅವಧಿಯ ದುಡ್ಡನ್ನ ಗರ್ಭಿಣಿ ಅನ್ನೋ ದಾಖಲೆ ಕೊಟ್ಟಾಗ ಮುಂಗಡವಾಗಿ ಕೊಡಬೇಕು. ಉಳಿದದ್ದನ್ನ ಹೆರಿಗೆಯ ದಾಖಲೆ ಕೊಟ್ಟ 48 ಗಂಟೆ ಒಳಗೆ. ಮಾಲೀಕ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಬೇರೆ. ಕೆಲಸಕ್ಕೆ ವಾಪಸ್ ಬಂದ ಮೇಲೆ ಮಗುವಿಗೆ 15 ತಿಂಗಳು ಆಗೋವರೆಗೆ ದಿನಕ್ಕೆ ಎರಡು ಸಲ ಹಾಲುಣಿಸೋ ಬಿಡುವು.

"ಕ್ರೆಶ್ ಮಾಡ್ಬೇಕಾ?" 50 ಅಥವಾ ಹೆಚ್ಚು ಉದ್ಯೋಗಿಗಳಿದ್ದರೆ ಮಾತ್ರ. ಇಲ್ಲಿ ಎಣಿಸೋದು ಬರೀ ಹೆಂಗಸರನ್ನಲ್ಲ, ಒಟ್ಟು ಉದ್ಯೋಗಿಗಳನ್ನ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಕೊಂಡು ಬರಬಹುದು. ಪ್ರತಿ ಕಂಪನಿಯೂ ತನ್ನದೇ ಕ್ರೆಶ್ ಕಟ್ಟಬೇಕಾಗಿಲ್ಲ, ಹಲವು ಸಂಸ್ಥೆಗಳು ಸೇರಿ ಒಂದು ನಡೆಸಬಹುದು ಅಂತ ಹೊಸ ಸಂಹಿತೆ ಹೇಳುತ್ತೆ. ಪೀಣ್ಯದಂಥ ಕಡೆ, ಒಂದೇ ರಸ್ತೆಯಲ್ಲಿ ಸಾಲಾಗಿ ಯೂನಿಟ್‌ಗಳಿರುವಾಗ, ಇದು ಆಗದ ಕೆಲಸ ಏನಲ್ಲ.

ಕೊನೆಗೆ ಒಂದು ಕೆಲಸ ನಾನೇ ಹೇಳಿದೆ. ಈ ಹಕ್ಕುಗಳ ಸಾರಾಂಶವನ್ನ ಸ್ಥಳೀಯ ಭಾಷೆಯಲ್ಲಿ, ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು ಅಂತ ಕಾನೂನಿದೆ. ಅಣ್ಣನ ಯೂನಿಟ್‌ನಲ್ಲಿ ದೇವರ ಫೋಟೋ ಇದೆ, ಕ್ಯಾಲೆಂಡರ್ ಇದೆ, ಇದೊಂದು ಇರಲಿಲ್ಲ. ನಿಮ್ಮ ಆಫೀಸ್‌ನಲ್ಲಿ ಕನ್ನಡದಲ್ಲಿ ಇಂಥ ಒಂದು ಕಾಗದ ಇದೆಯಾ? ನಾಳೆ ಹೋದಾಗ ಒಂದ್ಸಲ ನೋಡಿ.

ಅಪ್ಪನಿಗೆ ಎಷ್ಟು ರಜೆ?

ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ ಪಿತೃತ್ವ ರಜೆ. ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ 15 ದಿನ. ಖಾಸಗಿ ಕಂಪನಿಯವನಾದರೆ ಕಾನೂನಿನ ಪ್ರಕಾರ ಸೊನ್ನೆ. ಕಂಪನಿ ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲಾಂದ್ರೆ ಇಲ್ಲ. 2017ರಲ್ಲಿ ಸಂಸದ ರಾಜೀವ್ ಸಾತವ್ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಮಂಡಿಸಿದ್ರು, ಅದು ಕಾಯ್ದೆ ಆಗಲಿಲ್ಲ. ಹೊಸ ಸಂಹಿತೆಯಲ್ಲೂ ಅಪ್ಪನ ರಜೆ ಇಲ್ಲ.

ಇದು ಬರೀ ಅಪ್ಪಂದಿರ ಸಮಸ್ಯೆ ಅಲ್ಲ. ಒಬ್ಬಳಿಗೆ 26 ವಾರ, ಅವನಿಗೆ ಸೊನ್ನೆ ಅಂದಾಗ, ಮಗು ಅನ್ನೋದು ಹೆಣ್ಣನ್ನ ಕೆಲಸಕ್ಕೆ ತಗೊಂಡ ಮಾಲೀಕನ ಖರ್ಚು ಮಾತ್ರ ಆಗಿಬಿಡುತ್ತೆ. ಇಂಟರ್‌ವ್ಯೂನಲ್ಲಿ ಹುಡುಗನನ್ನ ಯಾರೂ "ಮಕ್ಕಳ ಪ್ಲಾನ್ ಇದೆಯಾ?" ಅಂತ ಕೇಳಲ್ಲ. ಸ್ವೀಡನ್‌ನ 480 ದಿನದಲ್ಲಿ 90 ದಿನ ಅಪ್ಪನಿಗೆ, 90 ದಿನ ಅಮ್ಮನಿಗೆ ಅಂತ ಮೀಸಲು, ಒಬ್ಬರದ್ದನ್ನ ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಅಲ್ಲಿ ಹುಡುಗನನ್ನ ಕೆಲಸಕ್ಕೆ ತಗೊಂಡ್ರೂ ಅವನೂ ರಜೆಗೆ ಹೋಗಬಹುದು ಅಂತ ಮಾಲೀಕನಿಗೆ ಗೊತ್ತಿರುತ್ತೆ.

ಅಂದಹಾಗೆ, "ಹುಡ್ಗೀರನ್ನ ತಗೊಳ್ಳಲ್ಲ" ಅನ್ನೋದೂ ಕಾನೂನಿಗೆ ವಿರುದ್ಧ. ಒಂದೇ ರೀತಿಯ ಕೆಲಸಕ್ಕೆ ನೇಮಕ ಮಾಡುವಾಗ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅಂತ ವೇತನ ಸಂಹಿತೆ 2019 ಹೇಳುತ್ತೆ. ಇದನ್ನ ಅಣ್ಣನಿಗೆ ಹೇಳಿದಾಗ, "ಯಾರಿಗೆ ಗೊತ್ತಾಗುತ್ತೆ ಬಿಡು" ಅಂದ. ನಿಜ, ಗೊತ್ತಾಗಲ್ಲ. ನನ್ನ ಇಂಟರ್‌ವ್ಯೂ ಥರಾನೇ.

ಕೊನೆಗೆ ಏನಾಯ್ತು?

ಕಾನೂನಿಗೆ ಅಣ್ಣ ಬಗ್ಗಿದನೋ ಇಲ್ವೋ, ಅತ್ತಿಗೆ ಮಾತಿಗೆ ಬಗ್ಗಿದ. ಫೋನ್ ಸ್ಪೀಕರ್‌ನಲ್ಲಿತ್ತು ಅಂತ ಕಾಣುತ್ತೆ, ಪಕ್ಕದಿಂದ ಅತ್ತಿಗೆ ದನಿ ಬಂತು: "ನನಗೆ ಆಗ ಇದ್ದಿದ್ದು ಮೂರೇ ತಿಂಗಳು. ಮಗೂಗೆ ಕತ್ತು ಸರಿಯಾಗಿ ನಿಂತಿರ್ಲಿಲ್ಲ, ಅಮ್ಮನ ಕೈಗೆ ಕೊಟ್ಟು ಡ್ಯೂಟಿಗೆ ಹೋಗಿದ್ದೆ. ಬಾತ್‌ರೂಮಲ್ಲಿ ನಿಂತ್ಕೊಂಡು ಅಳ್ತಿದ್ದೆ. ಮರೆತೋಯ್ತಾ ನಿಮಗೆ?" ಅವರ ಮಗ ಹುಟ್ಟಿದ್ದು 2014ರಲ್ಲಿ, 12 ವಾರದ ಕಾಲ. ಮುಂದಿನ ತಿಂಗಳು ಅತ್ತಿಗೆ ಆ ಕೆಲಸ ಬಿಟ್ಟಿದ್ರು. ಮತ್ತೆ ಸೇರಲಿಲ್ಲ.

ಅಣ್ಣ ಮಾತಾಡಲಿಲ್ಲ.

ಈಗ ಮೇಡಂ ತವರುಮನೆಯಲ್ಲಿ ಬಾಣಂತನದಲ್ಲಿದ್ದಾರೆ. ಹೆಣ್ಣು ಮಗು. ಅಣ್ಣ ಪೂರ್ತಿ ಸಂಬಳವನ್ನೇ ಕೊಟ್ಟ. ಅದಕ್ಕಾಗಿ ಹೊಸ ಮೆಷಿನ್ ತರೋದನ್ನ ಮುಂದಕ್ಕೆ ಹಾಕಿದ, ಅದನ್ನೂ ನಾನು ಮುಚ್ಚಿಡಲ್ಲ. ಆರು ತಿಂಗಳಿಗೆ ಅಂತ ತಗೊಂಡಿರೋ ಹುಡುಗ ಅಕೌಂಟ್ಸ್ ಕಲೀತಿದ್ದಾನೆ. ಮೇಡಂ ವಾಪಸ್ ಬಂದ್ರೆ ಇಬ್ಬರಿಗೂ ಕೆಲಸ ಇರುತ್ತೆ ಅಂತ ಅಣ್ಣ ಹೇಳ್ತಾನೆ. ಸಂಬಳದ ಖರ್ಚಿನಲ್ಲಿ ಪ್ರತಿ ತಿಂಗಳು ಸ್ವಲ್ಪ ತೆಗೆದಿಡೋಕೆ ಶುರು ಮಾಡಿದ್ದಾನೆ, ಮುಂದಿನ ಸಲಕ್ಕೆ ಅಂತ. ಇಎಸ್‌ಐ ಮಾಡೋ ಕೆಲಸವನ್ನ ಅವನು ಒಬ್ಬನೇ, ತನ್ನ ಅಂಗಡಿಯೊಳಗೆ ಮಾಡ್ತಿದ್ದಾನೆ.

ಎಲ್ಲಾ ಮಾಲೀಕರಿಗೂ ಹಾಗೆ ಮಾಡೋಕಾಗಲ್ಲ, ಮನಸ್ಸೂ ಇರಲ್ಲ. ಎಲ್ಲರ ಮನೆಯಲ್ಲೂ ಪಕ್ಕದಿಂದ ಕೂಗೋ ಅತ್ತಿಗೆ ಇರಲ್ಲ. ಅದಕ್ಕೇ ನನಗೆ ಅನ್ಸೋದು, 26 ವಾರ ಅಂತ ಬರೆದರೆ ಸಾಲದು. ಆ ಬಿಲ್‌ನಲ್ಲಿ ಸರ್ಕಾರವೂ ಪಾಲು ತಗೋಬೇಕು, ಅಪ್ಪನಿಗೂ ರಜೆ ಬರಬೇಕು. ಅಲ್ಲಿಯವರೆಗೂ ಆ ಇಂಟರ್‌ವ್ಯೂ ಪ್ರಶ್ನೆ ಕೇಳ್ತಾನೇ ಇರ್ತಾರೆ, ಬಾಯಲ್ಲಿ ಕೇಳದಿದ್ರೆ ಮನಸ್ಸಲ್ಲಿ.

ನಿಮ್ಮನ್ನೂ ಯಾರಾದ್ರೂ ಹಾಗೆ ಕೇಳಿದ್ದಾರಾ? ಅಥವಾ ನೀವೇ ಮೇಜಿನ ಆ ಕಡೆ ಕೂತು ಕೇಳಿದ್ದೀರಾ? ನಮಗೆ ಬರೆದು ಕಳಿಸಿ, ಹೆಸರು ಹಾಕದಿದ್ರೂ ಸರಿ. ಗೆಳತಿಯರಿಗೆ ಈ ಸಂಚಿಕೆ ಫಾರ್ವರ್ಡ್ ಮಾಡಿ. ಗೆಳೆಯರಿಗೆ ಮೊದಲು ಮಾಡಿ.

ಮುಂದಿನ ವಾರ ಸಿಗೋಣ. ನಮಸ್ಕಾರ.